ಚೌಕಟ್ಟಿನ ಗೀಟು

ಹುಬ್ಬಳ್ಳಿಯಲ್ಲಿ ಮನೆ ಬದಲಿಸುವವರು ಸಾಮಾನು ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮೂಲೆಗೊಂದು ಗೂಟ ಹೊಡೆದು, ಇಡೀ ಮನೆಯನ್ನೇ ಹತ್ತರಲ್ಲೊಂದಕ್ಕೆ ಕುಗ್ಗಿಸಿ, ಟೆಂಪೋದಲ್ಲಿ ಒಯ್ದು, ಹೊಸ ಜಾಗದಲ್ಲಿ ಹತ್ತು ಪಟ್ಟು ಹಿಗ್ಗಿಸುತ್ತಿದ್ದರು. ಕಸ್ತೂರಿಯೂ ಹಾಗೇ ಮಾಡಿಸಿದಳು. ಎಂಟು ವರ್ಷದ ಮಗಳು ಅಕ್ಷತಾ ಅಜ್ಜಿಯ ಜೊತೆ ಆಟೋದಲ್ಲಿದ್ದಾಳೆ ಎಂದುಕೊಂಡಿದ್ದಳು. ಹೊಸ ಜಾಗದಲ್ಲಿ ಮನೆ ಹಿಗ್ಗಿದ ಮೇಲೆ, ಅಕ್ಷತಾ ಬೆಕ್ಕನ್ನೆತ್ತಿಕೊಂಡು ಒಳಗಿನಿಂದ ಕಣ್ಣುಜ್ಜುತ್ತ ಬಂದಳು.

ಕಸ್ತೂರಿ ಮನೆ ಹಿಗ್ಗಿಸುವ ಮೌಲಾಸಾಬನತ್ತ ತಿರುಗಿದಳು. "ಮೌಲಾಸಾಬ್, ಖರೇ ಹೇಳ್ರಿ, ಹತ್ತ ಪಟ್ಟ ಇಟ್ಟಿದ್ರಿಲ್ಲೋ? ಒಂಬತ್ತೂವರಿ ಆಗಿದ್ರ ನನ್ನ ಕೂಸು ಜನ್ಮಪೂರ್ತಿ ಗಿಡ್ಡ ಉಳಿತೈತಿ!"

"ಯಂತ್ರದ ಮುಳ್ಳು ಸೊನ್ನೆಗೆ ತಿರುಗಿಸಿಬಿಟ್ನೆಲ್ರಿ ಅಕ್ಕಾರ, ಎಷ್ಟಿತ್ತಂತ ಈಗ ನೋಡಾಕ ಬರಂಗಿಲ್ಲ," ಎಂದ ಮೌಲಾಸಾಬ, ಅಕ್ಷತಾಳನ್ನು ಬಾಗಿಲ ಚೌಕಟ್ಟಿಗೆ ಒತ್ತಿ ನಿಲ್ಲಿಸಿದ. ಮೊನ್ನೆ ಯುಗಾದಿಗೆ ಎಳೆದಿದ್ದ ಎತ್ತರದ ಗೀಟಿಗೆ ನೆತ್ತಿ ಸರಿಯಾಗಿ ಮುಟ್ಟಿತು. "ನೋಡ್ರಿ, ಕೂದಲೆಳಿ ಫರಕ್ ಇಲ್ಲ."

"ಭಾಳ ಶಾಣ್ಯಾ ಇದ್ದೀರಿ! ಬಾಗಿಲಾನೂ ಅಕಿ ಜೋಡಿನ ಸಣ್ಣಾಗಿ ದೊಡ್ಡದಾಗೈತಿ. ಅದೇನ್ ಸಾಕ್ಷಿ ಹೇಳತೈತಿ?"

ಕುಗ್ಗದೆ ಹೊರಗೇ ಉಳಿದ ತನ್ನ ಮೈಯೇ ಅಳತೆಗೋಲು ಎಂದು ಆಗ ಕಸ್ತೂರಿಗೆ ಹೊಳೆಯಿತು. ದಿನವೂ ಶಾಲೆಗೆ ಕಳಿಸುವಾಗಿನಂತೆ ಮಗಳನ್ನು ಎಳೆದು ತಬ್ಬಿಕೊಂಡಳು.

"ಅವ್ವಾ, ತಾಳಿ ಗುಂಡು ಹಣಿಗೆ ಚುಚ್ಚತೈತಿ, ಬಿಡು!"

ದಿನವೂ ಅದೇ ತಕರಾರು, ಅದೇ ಹಣೆ, ಅದೇ ಗುಂಡು. ಕಸ್ತೂರಿ ಹೊಸಿಲ ಮೇಲೆ ದೊಪ್ಪನೆ ಕುಳಿತು, ಕಣ್ಣೊರೆಸಿಕೊಂಡು ನಕ್ಕಳು.

"ಹತ್ತ ಐತ್ರಿ ಮೌಲಾಸಾಬ್. ಚಹಾ ಇಡ್ತೀನಿ, ಕುಡದ ಹೋಗ್ರಿ."