ಬಿಡಿಬಿಡಿಯಾಗಿ ಕತ್ತರಿಸಿದ ಅಂಗಿ

ಹೊಸ ಅಂಗಿಯ ಕೊನೆಯ ಗುಂಡಿ ಹಾಕಿಕೊಂಡು ಅಮ್ಮ ಕನ್ನಡಿಗೆ ಮುಖ ಮಾಡಿದಳು. ಎಡ ಎದೆಯ ಮೇಲೆ ಬಟ್ಟೆ ಜೋಲುಬಿದ್ದಿತ್ತು. ಅಂಗೈಯಿಂದ ಒತ್ತಿ ಸವರಿದಳು. ಕೈ ತೆಗೆದೊಡನೆ ಮತ್ತೆ ಜೋಲುಬಿತ್ತು.

“ಅಪ್ಪ ಬರೆದಿಟ್ಟ ಅಳತೆನೇ ಅಮ್ಮ, ಒಂದು ದಾರದಷ್ಟೂ ತಪ್ಪಿಲ್ಲ,” ಎಂದಳು ಮಗಳು. ಅಪ್ಪ ತೀರಿಕೊಂಡು ಹೊಲಿಗೆ ಅಂಗಡಿ ಅವಳ ಕೈಗೆ ಬಂದ ಮೇಲೆ ಅಮ್ಮನಿಗೆಂದು ಹೊಲಿದ ಮೊದಲ ಅಂಗಿ ಅದು. “ಎಲ್ಲರದೂ ಕತ್ತರಿಸೋ ಹಾಗೆ ಬಟ್ಟೆ ಮಡಚಿ, ಎರಡೂ ಪಾಲು ಒಂದೇ ಸಲ ಕತ್ತರಿಸಿದೆ. ನಿನ್ನ ಅಂಗಿ ಅಂದ್ರೆ ಅಪ್ಪ ಒಂದೊಂದೇ ಪಾಲು ಬಿಡಿಬಿಡಿಯಾಗಿ ಕತ್ತರಿಸ್ತಾ ಕೂರ್ತಿದ್ರಲ್ಲ, ಅಷ್ಟು ಪುರುಸೊತ್ತು ನನಗೆಲ್ಲಿ?”

ಅಮ್ಮ ಆಗಷ್ಟೇ ಕಳಚಿಟ್ಟ, ಗಂಡ ಹೊಲಿದಿದ್ದ ಹಳೆಯ ಅಂಗಿಯನ್ನು ಮೇಜಿನ ಮೇಲೆ ಹರಡಿ, ನಡುಬೆನ್ನಿಗೆ ಸರಿಯಾಗಿ ಮಡಚಿ, ಎಡಪಾಲನ್ನು ಬಲಪಾಲಿನ ಮೇಲಿಟ್ಟಳು. ಎದೆಯ ಹತ್ತಿರ ಎಡಪಾಲು ಬೆರಳಗಲ ಕಿರಿದಾಗಿತ್ತು.

ಡಾಕ್ಟರು ಕ್ಯಾನ್ಸರ್ ಗಡ್ಡೆಯನ್ನಷ್ಟೇ ತೆಗೆದು ಅಮ್ಮನ ಎಡ ಮೊಲೆ ಉಳಿಸಿಕೊಟ್ಟು ಹದಿನೆಂಟು ವರ್ಷವಾಗಿತ್ತು. “ನಮ್ಮ ಡಾಕ್ಟರ ಕೈಗುಣ ನೋಡಿ, ಬಟ್ಟೆ ಹಾಕಿದ್ರೆ ಕುರುಹೇ ಕಾಣಲ್ಲ,” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಿದ್ದ ಗಂಡ ಹೂಂ ಎಂದು ತಲೆಯಾಡಿಸುತ್ತಿದ್ದ. “ನನ್ನ ಅಂಗಿಗೆ ಮಾತ್ರ ನಿಮ್ಮ ಕತ್ತರಿಗೆ ಆಮೆ ನಡಿಗೆ,” ಎಂದು ಅವನನ್ನೇ ಛೇಡಿಸುತ್ತಿದ್ದಳು.

“ಬಿಚ್ಚಿಕೊಡಮ್ಮ, ಎಡಗಡೆ ಸ್ವಲ್ಪ ಹಿಡಿದು ಹೊಲಿದುಕೊಡ್ತೀನಿ,” ಎಂದಳು ಮಗಳು.

ಅಮ್ಮ ಹಳೆಯ ಅಂಗಿಯ ಮೇಲಿಂದ ಕೈ ತೆಗೆಯಲಿಲ್ಲ. “ಹದಿನೆಂಟು ವರ್ಷ ಆ ಡಾಕ್ಟರನ್ನೇ ಹೊಗಳಿದೆ ಕಣೇ,” ಎಂದಳು. “ನಿಮ್ಮಪ್ಪನ ಎದುರಿಗೇ.”