ಗಾಜಿನ ಪಟ್ಟಿ

ಗೋಡೆಯ ಬಿರುಕಿಗೆ ಅಡ್ಡಲಾಗಿ ಅಪ್ಪ ಅಂಟಿಸಿದ್ದ ಗಾಜಿನ ಪಟ್ಟಿಯ ಮೇಲೆ ಮಗಳು ಬೆರಳಾಡಿಸಿದಳು. ಪಟ್ಟಿ ನಡುವೆ ಸೀಳಿ ಎರಡಾಗಿತ್ತು. ಅದೇ ಗೋಡೆಗೆ ಒರಗಿ ಓಣಿಯ ಮಕ್ಕಳೆಲ್ಲ ಕೂತಿದ್ದರು.

ಸಮುದಾಯ ಭವನದಲ್ಲಿ ಅಂದು ಅಪ್ಪನ ನೆನಪಿನ ಸಭೆ. ಸೇನೆಯಲ್ಲಿ ಸೇತುವೆ ಕಟ್ಟಿ, ಊರಿಗೆ ಬಂದ ಮೇಲೆ ಗಾರೆ ಕೆಲಸದಲ್ಲಿ ಮೂರು ಮಕ್ಕಳನ್ನು ಸಾಕಿದವನು ಅವನು. ಬಿಡುವಿನಲ್ಲಿ ಈ ಭವನವನ್ನೂ ಬಿಟ್ಟಿಯಾಗಿ ನೋಡಿಕೊಳ್ಳುತ್ತಿದ್ದ. ಗೋಡೆ ಕದಲಿದರೆ ಮೊದಲು ಗಾಜು ಒಡೆಯುತ್ತದೆ ಎಂದು ಪ್ರತಿ ಸೋಮವಾರ ಬಂದು ಪರೀಕ್ಷಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಎರಡು ಸೋಮವಾರ ಕಳೆದಿದ್ದವು.

"ನಮ್ಮ ಮಿಲಿಟರಿ ಮೇಸ್ತ್ರಿ ಗೋಡೆಗೂ ನಾಡಿ ಹಿಡಿದು ನೋಡೋರು," ಎಂದ ವೇದಿಕೆಯ ಮೇಲಿದ್ದ ಹಳೆಯ ಗೆಳೆಯ, ಬಡಗಿ. "ಜ್ವರ ಎಷ್ಟಿದೆ ಮೇಸ್ತ್ರಿ ಅಂತ ನಾನು ರೇಗಿಸ್ತಿದ್ದೆ." ಸಭೆ ನಕ್ಕಿತು. "ಈಗ ಮಗಳು ಎರಡು ಮಾತು ಹೇಳಲಿ. ಬಾ ತಾಯಿ."

ಮಗಳು ಮೈಕ್ ಹಿಡಿದಳು. "ಅಪ್ಪನ ಮಾತು ಆಮೇಲೆ. ಗೋಡೆ ಪಕ್ಕದ ಮಕ್ಕಳು ಮೊದಲು ಏಳಿ. ಓಡಬೇಡಿ, ಎದುರು ಬಾಗಿಲಿಂದ ಹೊರಗೆ ನಡೀರಿ. ಗಾಜು ಒಡೆದಿದೆ."

"ಪಾಪ, ದುಃಖ ತಡೀಲಾರದೆ ಏನೇನೋ ಆಡ್ತಿದಾಳೆ," ಎಂದು ಯಾರೋ ಪಿಸುಗುಟ್ಟಿದರು. ಯಾರೂ ಏಳಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಎದ್ದಳು. ಗಂಡನ ಫೋಟೋವನ್ನು ಇದ್ದಲ್ಲೇ ಬಿಟ್ಟು, ಗೋಡೆಗೆ ಒರಗಿದ್ದ ಪಕ್ಕದ ಮನೆಯ ಮಗುವನ್ನು ಸೊಂಟಕ್ಕೇರಿಸಿಕೊಂಡು, ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದಳು. ಅವಳ ಹಿಂದೆ ಒಂದೊಂದಾಗಿ ಕುರ್ಚಿಗಳು ಸರಿಯತೊಡಗಿದವು.