ಕೆಂಪು ಮುಚ್ಚಳದ ಡಬ್ಬಿ

ಭೂತಗನ್ನಡಿಯ ಕೆಳಗೆ ಇನ್ನೊಂದು ಸೊಟ್ಟ ಗುಂಡು ಸಿಕ್ಕಿತು. ಅದರ ಅಂಚು ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ರಾಘಣ್ಣ ಅದನ್ನು ಚಿಮಟದಿಂದ ಎತ್ತಿ ಕೆಂಪು ಮುಚ್ಚಳದ ಡಬ್ಬಿಗೆ ಹಾಕಿದ. ಕೆಂಪು ಡಬ್ಬಿ ಹೆಂಡತಿಯದು, ನೀಲಿ ಡಬ್ಬಿ ತನ್ನದು. ಏರ್ ಪಿಸ್ತೂಲಿನ ಸೀಸದ ಗುಂಡು ಇರುವುದೇ ಬಟಾಣಿ ಕಾಳಿಗಿಂತ ಚಿಕ್ಕದು. ಬರಿಗಣ್ಣಿಗೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಕಾಣುತ್ತದೆ. ಆದರೆ ಹಡಪಸರದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಮಾಲಿನ ತಪಾಸಣೆ ಮಾಡಿ ನಿವೃತ್ತನಾದ ರಾಘಣ್ಣನ ಕಣ್ಣಿಗೆ ಮೋಸ ಮಾಡುವುದು ಸುಲಭವಲ್ಲ.

“ರೀ, ಎಂಟೂವರಿ ಆತು. ಇನ್ನೂ ಆರಿಸೋದು ಮುಗೀಲಿಲ್ಲೇನು?” ಅಡುಗೆಮನೆಯಿಂದ ಕೃಷ್ಣಾಬಾಯಿ ಕೂಗಿದಳು.

“ಇವತ್ತ ಫೈನಲ್ ಅದ. ನಿನಗ ಛಲೋವು ನೋಡಿ ಕೊಡಬ್ಯಾಡೇನು?”

“ಬರೇ ನನಗ ಆರಿಸಿದ್ರ ಹೆಂಗ್ರಿ? ನಿಮಗೂ ನಾಕು ಛಲೋವು ಇಟ್ಕೋರಿ.”

ಆ ಮಾತಿಗೆ ಅವನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಹೊಟ್ಟೆ ಇನ್ನಷ್ಟು ಉರಿಯಿತು. ಎರಡು ವರ್ಷದ ಹಿಂದೆ ಅವಳನ್ನು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದವನು ಅವನೇ. ಭಾನುವಾರ ಒಬ್ಬಳೇ ಮನೆಯಲ್ಲಿ ಯಾಕೆ, ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತ ಕೂತಿರಲಿ ಎಂದು. ಒಂದು ದಿನ ತಮಾಷೆಗೆ ಅವಳ ಕೈಗೆ ಪಿಸ್ತೂಲು ಕೊಟ್ಟ. ಮೂರೇ ತಿಂಗಳಲ್ಲಿ ಅವಳು ಅವನನ್ನು ಹಿಂದೆ ಹಾಕಿದಳು! ಅವನು ಹತ್ತು ವರ್ಷ ಬೆವರು ಸುರಿಸಿದರೂ ಸಿಗದ ಟ್ರೋಫಿ ಎರಡು ಸಲ ಅವಳ ಪಾಲಾಯಿತು. ಈಗ ಕ್ಲಬ್ಬಿನಲ್ಲಿ ಯಾರೂ ಅವನ ಹೆಸರು ಹಿಡಿದು ಕರೆಯುವುದಿಲ್ಲ. ಮರಾಠಿಯಲ್ಲಿ ‘ಕೃಷ್ಣಾತಾಯೀಂಚೆ ಮಿಸ್ಟರ್’, ಕೃಷ್ಣಾಬಾಯಿಯ ಗಂಡ, ಅನ್ನುತ್ತಾರೆ. ಕಟ್ಟಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಅಂತ ಅವನಿಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಆರುತ್ತದೆಯೇ? ಆರು ತಿಂಗಳಿನಿಂದ ತನ್ನ ಡಬ್ಬಿಗೆ ಒಳ್ಳೆಯ ಗುಂಡು, ಅವಳ ಡಬ್ಬಿಗೆ ಸೊಟ್ಟ ಗುಂಡು ತುಂಬುತ್ತಿದ್ದ. ಆದರೂ ಅವಳು ಗೆಲ್ಲುತ್ತಲೇ ಇದ್ದಳು. ಅದಕ್ಕೇ ಇವತ್ತು ಸೊಟ್ಟವುಗಳಲ್ಲೇ ಅತಿ ಸೊಟ್ಟವನ್ನು ಹುಡುಕಿ ಹುಡುಕಿ ಹಾಕಿದ.

ಫೈನಲ್ಲಿಗೆ ಉಳಿದವರು ಗಂಡ ಹೆಂಡತಿ ಇಬ್ಬರೇ. ಹತ್ತು ಮೀಟರ್ ದೂರದಲ್ಲಿ ಐದು ಕಬ್ಬಿಣದ ತಟ್ಟೆ. ಹತ್ತು ಸೆಕೆಂಡಿನಲ್ಲಿ ಐದನ್ನೂ ಬೀಳಿಸಬೇಕು. ಹೀಗೆ ಐದು ಸುತ್ತು. ಸುತ್ತಿಗೊಂದರಂತೆ ಐದೈದು ಗುಂಡಿನ ಪುಟ್ಟ ಮ್ಯಾಗಜಿನ್. ಅದರ ತೂತಿಗೆ ರಾಘಣ್ಣನ ದಪ್ಪ ಬೆರಳು ಬಗ್ಗುವುದಿಲ್ಲವಾದ್ದರಿಂದ, ಗುಂಡು ಆರಿಸುವುದು ಅವನು, ಇಬ್ಬರ ಮ್ಯಾಗಜಿನ್ ತುಂಬುವುದು ಅವಳು. ಮೊದಲಿನಿಂದಲೂ ಅದೇ ರೂಢಿ. ಅವತ್ತೂ ಕೃಷ್ಣಾಬಾಯಿ ಹಿಂದಿನ ಮೇಜಿನ ಮೇಲೆ ಎರಡೂ ಡಬ್ಬಿ ಬಿಚ್ಚಿಕೊಂಡು ಕೂತು ಹತ್ತು ಮ್ಯಾಗಜಿನ್ ತುಂಬಿದಳು. ಐದನ್ನು ಅವನ ಕೈಗಿಟ್ಟಳು.

“ಅವಸರ ಮಾಡಬ್ಯಾಡ್ರಿ. ಉಸುರು ಬಿಟ್ಟು ಹೊಡೀರಿ.”

ತಾನೇ ಕಲಿಸಿದ್ದನ್ನು ತನಗೇ ಹೇಳುತ್ತಾಳಲ್ಲ ಎಂದು ಅವನು ಹಲ್ಲು ಕಚ್ಚಿದ.

ಬಿದ್ದ ತಟ್ಟೆ ಎಣಿಸುತ್ತಿದ್ದವಳು ಕೇತಕಿ. ಧಾರವಾಡದ ಹುಡುಗಿ, ಇಲ್ಲೇ ಹಿಂಜವಾಡಿಯಲ್ಲಿ ಕೆಲಸ, ಇವರಿಬ್ಬರನ್ನೂ ಕಾಕಾ, ಕಾಕೂ ಎಂದೇ ಕರೆಯುವವಳು. ಮೂರನೆಯ ಸುತ್ತಿನಲ್ಲಿ ಕೃಷ್ಣಾಬಾಯಿಯದು ಒಂದು ತಪ್ಪಿತು. ಕೊನೆಯ ಸುತ್ತಿನಲ್ಲಿ ಎರಡು ನಿಂತೇ ಉಳಿದವು. “ಕಾಕೂ ಇಪ್ಪತ್ತೆರಡು, ಕಾಕಾ ಇಪ್ಪತ್ನಾಕು!” ಎಂದು ಕೇತಕಿ ಕೂಗಿದಾಗ ರಾಘಣ್ಣನಿಗೆ ನೆಲ ಕಾಣಲಿಲ್ಲ. ಯಾರೋ ಅವನ ಹೆಸರು ಹಿಡಿದು ಕರೆದರು. ಟ್ರೋಫಿ ಕೈಗೆ ಬಂತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಹೆಂಡತಿ. ಗೆದ್ದವನಿಗೆ ಧಾರಾಳತನ ಬರುವುದು ಎಷ್ಟು ಹೊತ್ತು? ಅವಳ ಹೆಗಲು ತಟ್ಟಿದ.

“ಮನಸ್ಸಿಗೆ ಹಚ್ಕೋಬ್ಯಾಡ. ಒಮ್ಮೊಮ್ಮೆ ಗುಂಡು ಕೈ ಕೊಡ್ತಾವ.”

“ಕೊಟ್ಟವಲ್ಲರೀ! ನಿಮ್ಮ ನೀಲಿ ಡಬ್ಬ್ಯಾಗಿನ್ವು.”

“ನನ್ನವು? ನಿನ್ನ ಮ್ಯಾಗಜಿನ್ಯಾಗ ನನ್ನವು ಹೆಂಗ ಬಂದ್ವು?”

“ನಾನ ಅದಲು ಬದಲು ಮಾಡೇನ್ರಿ. ಹತ್ತು ವರ್ಷ ಆತು, ಒಂದ ಸಲನೂ ಗೆದ್ದಿದ್ದಿಲ್ಲ ನೀವು. ನೋಡಾಕ ಆಗ್ತಿದ್ದಿಲ್ಲ ನನಗ. ಅದಕ್ಕ ನೀವು ನನಗಂತ ಆರಿಸಿಟ್ಟಿದ್ದನ್ನ ನಿಮಗ ತುಂಬಿ, ನಿಮ್ಮವು ನಾ ತಗೊಂಡೆ.” ಅವಳು ಕೇತಕಿಯ ಕಡೆ ತಿರುಗಿದಳು. “ವಾರಾ ವಾರಾ ಭೂತಗನ್ನಡಿ ಹಿಡಕೊಂಡು ಕೂತು ಛಲೋವೆಲ್ಲಾ ನನಗ ಕೊಟ್ಟು ಬಿಡ್ತಾರವಾ. ಇವತ್ತ ನಾ ಹೊಡದು ನೋಡಿದ ಮ್ಯಾಲ ಗೊತ್ತಾತು, ಎಂಥಾ ಹಾಳು ಗುಂಡು ತಾವು ಇಟ್ಕೊಂಡು ಹೊಡೀತಿದ್ರು ಅಂತ. ಪಾಪ.”

ರಾಘಣ್ಣ ಕೈಯಲ್ಲಿದ್ದ ಟ್ರೋಫಿ ನೋಡಿದ. ಬೆಳಿಗ್ಗೆ ತಾನೇ ಹುಡುಕಿ ತೆಗೆದ ಆ ಸೊಟ್ಟ ಗುಂಡುಗಳಲ್ಲೇ ಇಪ್ಪತ್ನಾಲ್ಕು ತಟ್ಟೆ ಬಿದ್ದಿದ್ದವು, ಅವಳು ಹಾಳು ಅಂದವು ಅವನ ಒಳ್ಳೆಯ ಗುಂಡುಗಳು. ಟ್ರೋಫಿಯನ್ನು ಎಲ್ಲಾದರೂ ಇಡೋಣವೆಂದರೆ ಹತ್ತಿರದಲ್ಲಿ ಜಾಗವಿರಲಿಲ್ಲ.

ಕೇತಕಿ ಕಣ್ಣು ಒರೆಸಿಕೊಂಡು ಮುಂದೆ ಬಂದಳು. “ಕಾಕಾ, ನಮ್ಮ ಮನ್ಯಾಗ ನನಗ ವರ ನೋಡಾಕತ್ತಾರ. ನಿಮ್ಮಂಥಾ ಗಂಡ ಸಿಗ್ಲಿ ಅಂತ ಆಶೀರ್ವಾದ ಮಾಡ್ರಿ,” ಎಂದು ಅವನ ಕಾಲಿಗೆ ಬಗ್ಗಿದಳು.

ರಾಘಣ್ಣ ಎರಡು ಹೆಜ್ಜೆ ಹಿಂದೆ ಸರಿದ.

“ಬ್ಯಾಡವಾ,” ಅಂದ. “ನನ್ನಂಥಾವ ಬ್ಯಾಡ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಕೃಷ್ಣಾಬಾಯಿ ನಕ್ಕಳು.